ಕೀಲಿ ಹಾಕಿದ ಕೋಣೆಯ ಸುದ್ದಿ

3-2-98, ಬೆಳಗ್ಗೆ 11

ಇವತ್ತೂ ಇಲ್ಲ. ಕರ್ನಲ್ ಕಟ್ಟಿದ್ದು ಇದು ಏಳನೇ ಸಲ. ಕರ್ನಲ್ ಅಂದರೆ ಲಿನಕ್ಸಿನ, ಅಂದರೆ ಕಂಪ್ಯೂಟರ್ ನಡೆಸುವ ಪುಕ್ಕಟೆ ಸಾಫ್ಟ್‌ವೇರಿನ, ಗುಂಡಿಗೆ ಅಂತ ರಾಯಚೂರಿನ ಚಾಂದ್‌ಪಾಷಾ ಎಂಜಿನಿಯರು ಹೇಳಿಕೊಟ್ಟಿದ್ದಾರೆ. ನಿನ್ನೆ ಮಧ್ಯಾಹ್ನ ಹಚ್ಚಿದೆ. ನಾಲ್ಕು ತಾಸು ಓಡಿತು. ಕೊನೆಗೆ ಅದೇ ಸಾಲು — ಕಾರ್ಡ್ ಸಿಗಲಿಲ್ಲ. ವೈರ್‌ಲೆಸ್ ಕಾರ್ಡು ಕಣ್ಣೆದುರಿಗೇ ಇದೆ, ಅದರ ದೀಪವೂ ಹತ್ತುತ್ತಿದೆ. ಲಿನಕ್ಸಿಗೆ ಮಾತ್ರ ಕಾಣುವುದಿಲ್ಲ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮಸ್ಕಿ ಬಜಾರಿನಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡು ಸುಖವಾಗಿದ್ದೆ. ಮೂರು ಊರಲ್ಲಿ ದವಾಖಾನೆ ನಡೆಸುವ ಸಂಸ್ಥೆಯ ಡಾಕ್ಟರು ಕರೆದರು, ಬಂದೆ. ಈಗ ಊಟ ಸೇರುವುದಿಲ್ಲ.

ಹಾವಿನ ಇಂಜೆಕ್ಷನ್ ತಣ್ಣಗಿರಬೇಕು. ಫ್ರಿಜ್ ಇರುವುದು ಸಂಸ್ಥೆಯ ಸಿಂಧನೂರು ದವಾಖಾನೆಯಲ್ಲಿ, ಲಿಂಗಸುಗೂರು ದವಾಖಾನೆಯಲ್ಲಿ. ನಡುವಿನ ನಮ್ಮ ಮಸ್ಕಿಯಲ್ಲಿಲ್ಲ. ಹಾವು ಕಡಿದವರನ್ನು ಹೊತ್ತು ತರುವುದು ಮಾತ್ರ ಇಲ್ಲಿಗೇ. ಜೀಪು ಯಾವ ಕಡೆ ಓಡಬೇಕು? ಎರಡೂ ಊರು ಹೆಚ್ಚುಕಡಿಮೆ ಒಂದೇ ದೂರ. ಹೋದ ಕಡೆ ಬಾಟಲಿ ಇಲ್ಲದಿದ್ದರೆ ತಿರುಗಿ ಬರುವಷ್ಟು ಹೊತ್ತು ಉಳಿದಿರುವುದಿಲ್ಲ. ಹೋದ ವರ್ಷ ಹಾಗೇ ಇಬ್ಬರು ಹೋದರು. ಫೋನು ತಿಂಗಳಲ್ಲಿ ಹದಿನೈದು ದಿನ ಸತ್ತಿರುತ್ತದೆ. ಅದಕ್ಕೇ ಈ ವೈರ್‌ಲೆಸ್. ಮೂರು ಊರಿಗೆ ಮೂರು ಹಳೇ ಕಂಪ್ಯೂಟರು, ಮೂರು ಕಾರ್ಡು, ಮೂರು ಆಂಟೆನಾ. ಎಷ್ಟು ಬಾಟಲಿ ಇವೆ ಅನ್ನುವುದು ನನ್ನ ಪರದೆಯ ಮೇಲೆ ಬರಬೇಕು. ಅಷ್ಟೇ ಕೆಲಸ.

ಅಷ್ಟೇ ಅಂತ ಬರೆಯುವುದು ಸುಲಭ.

11-2-98

ಚಾಂದ್‌ಪಾಷಾ ಸಾಹೇಬರು ಬಂದಿದ್ದರು. ರಾಯಚೂರಿನಲ್ಲಿ ಈ-ಮೇಲ್ ಇರುವ ಕಡೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ತಂದಿದ್ದರು.

ಕಾರ್ಡಿನ ಕಂಪನಿ ಬರೆದದ್ದು ಮೂರೇ ಸಾಲು. ವಿಂಡೋಸಿಗೆ ಮಾತ್ರ ಸಾಫ್ಟ್‌ವೇರ್ ಕೊಡುತ್ತೇವೆ, ಒಳಗಿನ ವಿವರ ಯಾರಿಗೂ ಕೊಡುವುದಿಲ್ಲ. ವಿಂಡೋಸ್ ಕೊಳ್ಳಲು ಸಂಸ್ಥೆ ತಯಾರಿಲ್ಲ.

ಲಿನಕ್ಸಿಗೆ ಈ ಕಾರ್ಡಿನ ಡ್ರೈವರ್ ಬರೆದವನು ಯಾವುದೋ ದೂರದೇಶದವನು. ಡ್ರೈವರ್ ಅಂದರೆ ಕಾರ್ಡಿಗೂ ಕಂಪ್ಯೂಟರಿಗೂ ನಡುವಿನ ದುಭಾಷಿ. ಅವನು ಬರೆದಿದ್ದಾನೆ — ಕಂಪನಿ ನನಗೂ ಏನೂ ಹೇಳಿಲ್ಲ, ಕತ್ತಲಲ್ಲಿ ತಡವಿ ತಡವಿ ಬರೆದದ್ದು. ನಿಮ್ಮದು ಹೊಸ ಮಾದರಿ, ನಾನು ನೋಡಿಲ್ಲ. ತಿದ್ದಿಕೊಂಡು ನೋಡಿ, ನಡೆದರೆ ನನಗೂ ತಿಳಿಸಿ.

ಸಂಬಳ ಇಲ್ಲ ಏನಿಲ್ಲ, ಯಾರಿಗಾಗಿ ಬರೆದನೋ. ಅವನ ಬರಹವೆಲ್ಲ ನಮ್ಮ ಡಿಸ್ಕಿನಲ್ಲಿ ಬಿಚ್ಚಿಟ್ಟಿದೆ, ಯಾರು ಬೇಕಾದರೂ ಕೈ ಹಾಕಬಹುದು. ನನ್ನಂಥವನೂ. ಅದೇ ಹೆದರಿಕೆ.

14-2-98, ಸಂಜೆ

ನಾಳೆ ಉದ್ಘಾಟನೆ. ಹಾರ ಬಂದಾಗಿದೆ.

ಕಾರ್ಡು ಸಿಕ್ಕಿದೆ — ಸಾಹೇಬರು ಒಂದು ಅಂಕೆ ಬದಲಿಸಿದರು, ಸಿಕ್ಕಿತು. ಆದರೆ ಸುದ್ದಿ ಬರುವುದಿಲ್ಲ. ಹತ್ತು ಕಳಿಸಿದರೆ ಒಂದು. ಪ್ರತಿ ಸುದ್ದಿಯ ಹಿಂದೆ ಒಂದು ಮೊತ್ತ ಬರುತ್ತದೆ. ಈ ಕಡೆಯ ಡ್ರೈವರ್ ಅಕ್ಷರಗಳನ್ನೆಲ್ಲ ಕೂಡಿಸಿ ಆ ಮೊತ್ತಕ್ಕೆ ತಾಳೆ ನೋಡುತ್ತದೆ. ಹೊಂದದಿದ್ದರೆ ಬಿಸಾಕುತ್ತದೆ. ಒಂಬತ್ತನ್ನು ಬಿಸಾಕುತ್ತಿದೆ. ಸಾಹೇಬರು ರಾಯಚೂರಿಗೆ ಹೋಗಿಯಾಗಿತ್ತು. ನಾನೊಬ್ಬನೇ.

ರೇಡಿಯೊದ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ, ಗಿರಾಕಿ ಬಾಗಿಲಲ್ಲಿ ನಿಂತಿದ್ದರೆ, ಏನು ಮಾಡುತ್ತೇವೆ? ಫ್ಯೂಸಿನ ಜಾಗಕ್ಕೆ ತಂತಿ ಸುತ್ತುತ್ತೇವೆ. ರೇಡಿಯೊ ಹಾಡುತ್ತದೆ. ಹಾಗೇ ಮಾಡಿದೆ. ತಾಳೆ ನೋಡುವ ಆ ಆರು ಸಾಲನ್ನು ಯಂತ್ರ ಓದದಂತೆ ಚಿಹ್ನೆ ಹಾಕಿ ಸುಮ್ಮನಾಗಿಸಿದೆ. ಕರ್ನಲ್ ಮತ್ತೆ ಕಟ್ಟಿದೆ.

ಎಲ್ಲಾ ಬರುತ್ತಿದೆ. ಹತ್ತಕ್ಕೆ ಹತ್ತು.

ಯಾರಿಗೂ ಹೇಳಿಲ್ಲ. ಆಮೇಲೆ ಸರಿಮಾಡಿದರಾಯಿತು.

15-2-98

ಉದ್ಘಾಟನೆ ಆಯಿತು. ಡಾಕ್ಟರು ಭಾಷಣದಲ್ಲಿ ನನ್ನ ಹೆಸರು ಹೇಳಿದರು. ಕಿವಿ ಬಿಸಿಯಾಯಿತು.

ಲಿಂಗಸುಗೂರಿನ ಕಂಪೌಂಡರ್ ಲಾಲಪ್ಪನ ಮೊದಲ ಸುದ್ದಿ ಎಲ್ಲರೆದುರಿಗೆ ಪರದೆ ಮೇಲೆ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬಡಿಯುತ್ತಾನೆ. 'ಲಿಂಗಸುಗೂರು. 6 ಅದಾವ. ಪೇಡೆ ಹಂಚಿದ್ರ ನನಗೂ ಕಳಸ್ರಿ.' ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ಆಯಾ ಜೋಗಮ್ಮ ಮಾತ್ರ ಬಾಗಿಲಲ್ಲೇ ನಿಂತು ಕೇಳಿದಳು, "ಆದಪ್ಪ, ಅಂವ ಅಲ್ಲಿ ಕುಂತು ಬಡದದ್ದು ಇಲ್ಲಿ ಬರತೈತಿ. ನಡುವ ಯಾರರ ಕದ್ದು ಬ್ಯಾರೆ ಬಡದ್ರ?"

"ಹಂಗೆಲ್ಲ ಆಗಂಗಿಲ್ಲ ಬೇ."

"ನಿನಗೇನು ಗೊತ್ತು? ನೀನೂ ನನ್ನಂಗ ಅರ್ಧ ಸಾಲಿಯವ."

ಎಲ್ಲರೂ ನಕ್ಕರು. ನಾನೂ ನಕ್ಕೆ.

20-2-98

ಇವತ್ತಿನಿಂದ ಬಂದ ಸುದ್ದಿಯೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಮೊದಲ ಐದು ದಿನದ್ದು ಹೋಯಿತು. ಮೊದಲೇ ಬುದ್ಧಿ ಬರಬೇಕಿತ್ತು.

12-3-98

ಬೆಳಗ್ಗೆ ಹನ್ನೊಂದು, ಮಧ್ಯಾಹ್ನ ಮೂರು. ದಿನಕ್ಕೆರಡು ಸಲ. ಸಿಂಧನೂರಿನಿಂದ ನರ್ಸ್ ಗ್ಯಾನಮ್ಮ ಬರೀ ಅಂಕೆ ಕಳಿಸುತ್ತಾಳೆ. ಲಾಲಪ್ಪ ಹಾಗಲ್ಲ. ಬಾಟಲಿ ಎಷ್ಟೆಂದು ಹೇಳಿ ಮುಂದೆ ಒಂದು ಮಾತು ಹಚ್ಚುತ್ತಾನೆ. ಬಿಸಿಲು ಭಾಳ. ಹೆಂಡತಿ ಸಿಟ್ಟಾಗ್ಯಾಳ. ನಿನ್ನ ರೇಡಿಯೊದಾಗ ಕ್ರಿಕೆಟ್ ಏನಂತೈತಿ.

ಇವತ್ತಿನದು — 'ಲಿಂಗಸುಗೂರು. 10 ಅದಾವ.' ಹೊಸ ಪೆಟ್ಟಿಗೆ ಬಂದಿರಬೇಕು. ಬೇರೆ ಮಾತಿಲ್ಲ. ಮೈಗೆ ಹುಷಾರಿಲ್ಲವೇನೋ.

ತಾರೀಕು ಹಾಕು ಮಾರಾಯ ಅಂತ ಬಡಿದೆ. 'ಹಾಕ್ತೀನಿ ಬಿಡು, ಓಡಿ ಹೊಕ್ಕೈತೇನು ತಾರೀಕು' ಅಂದ. ಯಂತ್ರವೇ ಹಾಕುವಂತೆ ಮಾಡೋಣವೆಂದರೆ ಮೂರೂ ಕಂಪ್ಯೂಟರಿನ ಗಡಿಯಾರದ ಸೆಲ್ ಸತ್ತಿದೆ. ಕರೆಂಟ್ ಹೋಗಿ ಬಂದರೆ ಸಾಕು, ಒಂದನೇ ಜನವರಿ 1980 ಅನ್ನುತ್ತವೆ. ದಿನಕ್ಕೆ ನಾಲ್ಕು ಸಲ 1980ಕ್ಕೆ ಹೋಗಿ ಕೂರುತ್ತವೆ.

26-3-98

ಲಾಲಪ್ಪ ಹೋದ. ನಿನ್ನೆ ಮನೆಯಲ್ಲಿ ಎದೆ ಹಿಡಿದುಕೊಂಡನಂತೆ. ನಲವತ್ತೂ ಆಗಿರಲಿಲ್ಲ. ಮಣ್ಣಿಗೆ ಹೋಗಿ ಬಂದೆ. ಮುಖ ಸರಿಯಾಗಿ ನೋಡಿದ್ದು ಇದೇ ಮೊದಲು. ದಿನಾ ಮಾತಾಡಿದವನ ಮುಖ.

ಅವನ ವೈರ್‌ಲೆಸ್ ಕೋಣೆಗೆ ಡಾಕ್ಟರು ನನ್ನ ಎದುರೇ ಕೀಲಿ ಹಾಕಿದರು. ಮೇನ್ ಸ್ವಿಚ್ ನಾನೇ ಇಳಿಸಿದೆ. ಕೀಲಿ ನನ್ನ ಹತ್ತಿರವೇ ಇದೆ. ಬೇರೆಯವರು ಬರುವ ತನಕ.

28-3-98, ಬೆಳಗ್ಗೆ 11.10

'ಲಿಂಗಸುಗೂರು. 4 ಅದಾವ. ಬಿಸಿಲು ಭಾಳ. ಲಾಲಪ್ಪ.'

ಈಗಷ್ಟೇ. ಪರದೆ ಮೇಲೆ ಇನ್ನೂ ಇದೆ. ಕೀಲಿ ಜೇಬಿನಲ್ಲಿದೆ, ಮುಟ್ಟಿ ನೋಡಿಕೊಂಡೆ.

29-3-98

ಪುಸ್ತಕ ತಿರುವಿದೆ. ಸಿಕ್ಕಿತು. ಮಾರ್ಚ್ 4ರ ಸುದ್ದಿ, ಅಕ್ಷರಕ್ಕೆ ಅಕ್ಷರ ಅದೇ.

ಗೊತ್ತಾಯಿತು. ಬಂದ ಸುದ್ದಿಗಳನ್ನು ಕಾರ್ಡು ತನ್ನ ಹೊಟ್ಟೆಯಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತದೆ. ಗಾಳಿಯಲ್ಲಿ ಏನೋ ಗರ್ ಅಂದರೂ ಸುದ್ದಿ ಬಂತು ಅಂದುಕೊಂಡು ಹಳೆಯದನ್ನೇ ಎತ್ತಿ, ಗರ್ ಅಂದದ್ದರ ಮೊತ್ತ ಹಚ್ಚಿ ಕೊಡುತ್ತದೆ. ಆ ಆರು ಸಾಲು ಇದ್ದಿದ್ದರೆ ತಾಳೆ ಇಲ್ಲವೆಂದು ಬಿಸಾಕುತ್ತಿತ್ತು. ಈಗ ಅವನ್ನು ಎಬ್ಬಿಸಿದರೆ ಮತ್ತೆ ಹತ್ತಕ್ಕೆ ಒಂದೇ ಸುದ್ದಿ. ಫ್ಯೂಸಿಗೆ ತಂತಿ ಸುತ್ತಿದವನು ನಾನು.

ಹೇಳಬೇಕು. ಡಾಕ್ಟರು ಭಾಷಣದಲ್ಲಿ ಹೆಸರು ಹೇಳಿದ್ದಾರೆ. ಹೇಳಿದರೆ ಎಲ್ಲಾ ಬಂದ್ ಮಾಡುತ್ತಾರೆ. ಹೇಳದಿದ್ದರೆ...

ಜೋಗಮ್ಮನಿಗೆ ಮಾತ್ರ ಅಂದೆ, ಲಾಲಪ್ಪನ ಹಳೇ ಸುದ್ದಿ ತಿರುಗಿ ಬರುತ್ತಿದೆ ಅಂತ.

"ಬರಲಿ ಬಿಡು, ಪಾಪ. ಕೆಲಸದ ಮ್ಯಾಲೆ ಭಾಳ ಜೀಂವ ಇತ್ತು ಅವಂದು."

"ಹಂಗಲ್ಲ ಬೇ, ಅದು ಯಂತ್ರದ ತಪ್ಪು."

"ಯಂತ್ರದ್ದೋ, ಮಾಡಿದಾಂವಂದೋ?" ಅಂದಳು. ಕಸಬರಿಗೆ ಎತ್ತಿಕೊಂಡು ಹೋದಳು. ನಗುತ್ತಿರಲಿಲ್ಲ.

2-4-98, ಮಧ್ಯಾಹ್ನ

ಬಿಸಿಲಿಗೆ ಬೀದಿಯಲ್ಲಿ ಒಂದು ನಾಯಿ ಸಹ ಇಲ್ಲ. ಫ್ಯಾನ್ ನಿಂತಿತ್ತು. ಮೊನ್ನೆ ಮಸ್ಕಿಗೊಂದಕ್ಕೇ ಬಂದ ಬ್ಯಾಟರಿ ಮೇಲೆ ಕಂಪ್ಯೂಟರ್ ಓಡುತ್ತಿತ್ತು. ಸುಮ್ಮನಿರಲಾಗದೆ ಬಡಿದೆ — ಯಾರು?

ಪರದೆಗೆ ಮುಖ ಹಚ್ಚಿ ಕೂತೆ. ಆಮೇಲೆ:

'ಬಾಗಲಾ ತಗಿ. ಸೆಕಿ ಭಾಳ ಆಗೈತಿ.'

ಪುಸ್ತಕ ಮೂರು ಸಲ ನೋಡಿದೆ. ಇಲ್ಲ. ಮೊದಲ ಐದು ದಿನದಲ್ಲಿ ಯಾವಾಗಲೋ ಅಂದಿರಬೇಕು, ನಾನು ಬರೆದಿಟ್ಟಿರಲಿಲ್ಲ. ಫೆಬ್ರವರಿಯಲ್ಲಿ. ಫೆಬ್ರವರಿಯಲ್ಲಿ ಅಷ್ಟು ಸೆಕೆ ಇತ್ತೇ?

ಕೀಲಿಯನ್ನು ಜೇಬಿನಿಂದ ತೆಗೆದು ಮೇಜಿನ ಖಾನೆಗೆ ಹಾಕಿದೆ.

4-4-98

ಲಿಂಗಸುಗೂರಿಗೆ ಹೊಸಬ ಬಂದಿದ್ದಾನೆ. ಹುಸೇನಪ್ಪ. ಕೀಲಿ ಕೊಟ್ಟು ಬಂದೆ. ಬಾಗಿಲು ತೆಗೆದಾಗ ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಬಂತು. ಕೀಲಿ ಹಾಕಿದ ಕೋಣೆ, ತಗಡಿನ ಮಾಳಿಗೆ. ಬಿಸಿ ಇರುವುದೇ.

ಹುಸೇನಪ್ಪ ಒಳ್ಳೆಯವನು. ಎರಡು ಮಕ್ಕಳು. "ಅಣ್ಣಾರ, ನನ್ನ ಕೈಲೆ ತಪ್ಪಾದ್ರ ಬೈದು ಹೇಳ್ರಿ, ನಾ ಕಲಕೋತೀನಿ" ಅಂದ.

ನಾಲಗೆ ತುದಿಗೆ ಬಂದಿತ್ತು. ಬಡಿಯುವುದು ಹೇಗೆಂದು ಮಾತ್ರ ಹೇಳಿಕೊಟ್ಟೆ.

16-4-98

ಖಾಸಿಂಬೀ ಅಂತ ಹೆಸರು. ಬಳಗಾನೂರು ಹಾದಿಯ ಗದ್ದೆಯಲ್ಲಿ ನೆಲ್ಲು ಕೊಯ್ಯುತ್ತಿದ್ದಳಂತೆ. ಮಧ್ಯಾಹ್ನ ಒಂದೂವರೆಗೆ ಟ್ರ್ಯಾಕ್ಟರಿನಲ್ಲಿ ತಂದರು. ಮುಂಗೈ ಊದಿತ್ತು. ಮಾತಾಡುತ್ತಿದ್ದಳು. ಬಳೆ ಬಿಗಿಯಾಗಿವೆ, ಒಡಿಬ್ಯಾಡ್ರಿ, ಮೊನ್ನೆ ಇಡಿಸಿಕೊಂಡಿದ್ದು ಅಂದಳು.

ಫೋನು ಸತ್ತಿತ್ತು. ಕರೆಂಟಿಲ್ಲದೆ ಹನ್ನೊಂದರ ಸುದ್ದಿ ಎರಡೂ ಊರಿಂದ ಬಂದಿರಲಿಲ್ಲ. ಈಗ ಎರಡೂ ಕಡೆ ಕೇಳಿದೆ. ಸಿಂಧನೂರು ಸುಮ್ಮನೆ. ಲಿಂಗಸುಗೂರು ಬಂತು — 'ಲಿಂಗಸುಗೂರು. 10 ಅದಾವ.'

ನೋಡಿದೆ. ಕಣ್ಣಿಗೆ ಏನೋ ಚುಚ್ಚಿತು. ಪುಸ್ತಕ ತೆಗೆಯಲು ಒಂದು ನಿಮಿಷ ಸಾಕಿತ್ತು. ಬಾಗಿಲಲ್ಲಿ ಅವಳ ಗಂಡ, ಜೀಪು ಓಡಿಸುವ ಮುದುಕಪ್ಪ, ಜೋಗಮ್ಮ, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

ಲಿಂಗಸುಗೂರು ಅಂದೆ.

ರಾತ್ರಿ ಎಂಟಕ್ಕೆ ಮುದುಕಪ್ಪ ಒಬ್ಬನೇ ಜೀಪು ತಂದು ನಿಲ್ಲಿಸಿದ. ಲಿಂಗಸುಗೂರಿನಲ್ಲಿ ಒಂದೂ ಇರಲಿಲ್ಲವಂತೆ. ತಿರುಗಿಸಿಕೊಂಡು ಸಿಂಧನೂರಿಗೆ ಹೋಗುವಾಗ ಮಸ್ಕಿ ದಾಟಿ ಸ್ವಲ್ಪ ಮುಂದೆ...

ನಮ್ಮ ದವಾಖಾನೆಯ ಮುಂದೆಯೇ ಹಾದು ಹೋಗಿದ್ದಾರೆ. ನಾನು ಒಳಗಿದ್ದೆ. ಜೀಪಿನ ಸದ್ದು ಕೇಳಿತ್ತು.

17-4-98

ಡಾಕ್ಟರು ಹುಸೇನಪ್ಪನನ್ನು ಕರೆಸಿದ್ದರು. ನನ್ನ ಎದುರಿಗೇ.

"ಹತ್ತು ಅಂತ ಯಾಕ ಕಳಿಸಿದಿ?"

"ನಾ ಕಳಿಸಿಲ್ರಿ ಸರ್. ಒಂದೂ ಇಲ್ಲಂತ ಬಡದೀನಿ. ಮಕ್ಕಳ ಮ್ಯಾಲೆ ಆಣಿ ಮಾಡ್ತೀನಿ."

"ಆದಪ್ಪ, ಪರದೆ ಮ್ಯಾಲೆ ಏನು ಬಂತು?"

"ಹತ್ತು ಅಂತ ಬಂತ್ರಿ."

ಇಷ್ಟೇ ಅಂದೆ. ಸುಳ್ಳಲ್ಲ. ಮುಂದಿನದು ಹೇಳಲಿಲ್ಲ.

ಹೊರಗೆ ಹುಸೇನಪ್ಪ ನನ್ನ ಕೈ ಹಿಡಿದುಕೊಂಡ. "ಅಣ್ಣಾರ, ನೀವು ಯಂತ್ರ ಬಲ್ಲಾವ್ರು. ನೀವೊಂದು ಮಾತು ಹೇಳ್ರಿ ಸರ್‌ಗೆ." ನೋಡೋಣ ಅಂದೆ. ಬೆವರಿನ ಕೈ. ಬಿಡಿಸಿಕೊಂಡೆ.

ಸಂಜೆ ಪುಸ್ತಕ ತೆಗೆದೆ. ಮಾರ್ಚ್ 12. 'ಲಿಂಗಸುಗೂರು. 10 ಅದಾವ.' ಬೇರೆ ಮಾತಿಲ್ಲ.

6-5-98

ಬರೆಯಲಾಗಲಿಲ್ಲ ಇಷ್ಟು ದಿನ.

ಹುಸೇನಪ್ಪನನ್ನು ತೆಗೆದರು. ಆ ಕೋಣೆಗೆ ಮತ್ತೆ ಕೀಲಿ. ಕೀಲಿ ಮತ್ತೆ ನನ್ನ ಹತ್ತಿರ. ಲಿಂಗಸುಗೂರಿನಲ್ಲಿ ಫ್ರಿಜ್ ಇದೆ, ನರ್ಸ್ ಇದ್ದಾಳೆ, ಆದರೆ ಬಡಿಯುವವರಿಲ್ಲ.

ಚಾಂದ್‌ಪಾಷಾ ಸಾಹೇಬರಿಗೆ ಕಾಗದ ಬರೆದು ಎಲ್ಲಾ ಒಪ್ಪಿಕೊಂಡೆ. ಡಾಕ್ಟರಿಗಲ್ಲ. ಇವತ್ತು ಸಾಹೇಬರೇ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ಹೊಸ ಪ್ರಿಂಟು. ಇನ್ಯಾವುದೋ ದೇಶದಲ್ಲಿ ಇನ್ಯಾರೋ ಇದೇ ಹೊಸ ಮಾದರಿಯ ಕಾರ್ಡಿಟ್ಟುಕೊಂಡು ತಿಂಗಳುಗಟ್ಟಲೆ ತಡವಿ ಕಂಡುಹಿಡಿದಿದ್ದಾನೆ — ಹೊಸ ಕಾರ್ಡು ಪ್ರತಿ ಸುದ್ದಿಯ ಮುಂದೆ ನಾಲ್ಕು ಅಕ್ಷರದಷ್ಟು ತನ್ನದೇನೋ ಸೇರಿಸುತ್ತದೆ. ಅದನ್ನು ಬಿಟ್ಟು ಕೂಡಿಸಿದರೆ ಮೊತ್ತ ಸರಿಯಾಗಿ ಹೊಂದುತ್ತದೆ.

ಒಂದೇ ಸಾಲು. ಒಂದು ಸಾಲಿನಷ್ಟು ಗೊತ್ತಿಲ್ಲದೆ ಆ ಹೆಣ್ಣುಮಗಳು.

"ಡಾಕ್ಟರಿಗೆ ನೀ ಹೇಳ್ತಿಯೋ, ನಾ ಹೇಳ್ಲೋ?" ಅಂದರು ಸಾಹೇಬರು.

"ನಾನೇ ಹೇಳ್ತೀನ್ರಿ."

"ಹದಿನೈದು ದಿನ ಕೊಟ್ಟೀನಿ ನೋಡು. ಆ ಹುಡುಗನ ಮನ್ಯಾಗ ಒಲಿ ಹತ್ತಬೇಕು."

9-5-98

ಹೊಸ ಸಾಲು ಹಾಕಿ, ಆ ಆರು ಸಾಲನ್ನು ಎಬ್ಬಿಸಿ, ಕರ್ನಲ್ ಕಟ್ಟಿದೆ. ಮಸ್ಕಿ, ಸಿಂಧನೂರು ಎರಡೂ ಕಡೆ. ಕಾರ್ಡು ಬಿಚ್ಚಿ ಒಂದು ಇಡೀ ದಿನ ಹೊರಗಿಟ್ಟೆ, ಹೊಟ್ಟೆಯಲ್ಲಿದ್ದುದೆಲ್ಲ ಅಳಿದುಹೋಗಲಿ ಅಂತ. ಗ್ಯಾನಮ್ಮನಿಂದ ನೂರು ಸುದ್ದಿ ಕಳಿಸಲು ಹೇಳಿದೆ. ನೂರೂ ಬಂದವು, ನೂರಕ್ಕೂ ತಾಳೆ ಸರಿ. ಬೇಕೆಂದೇ ಕೆಡಿಸಿದ್ದನ್ನು ಕಳಿಸಿದರೆ ಬಿಸಾಕಿತು.

ಹಳೆಯ ಸುದ್ದಿ ಒಂದೂ ಇಲ್ಲ. ಪರದೆ ಸ್ವಚ್ಛ. ಹೊಟ್ಟೆ ತುಂಬ ಉಂಡೆ ಇವತ್ತು.

10-5-98

ಲಿಂಗಸುಗೂರಿಗೆ ಹೋಗಿ ಅಲ್ಲಿನ ಕಾರ್ಡು ಬಿಚ್ಚಿ ತಂದೆ. ಇಲ್ಲೇ ಪರೀಕ್ಷೆ ಮಾಡಿ, ಹೊಸಬರು ಬಂದ ಮೇಲೆ ಹಾಕುವುದು. ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೀ-ಬೋರ್ಡಿನ ಮೇಲೆ ಧೂಳು ಇರಬೇಕಿತ್ತು. ಇರಲಿಲ್ಲ. ನರ್ಸ್ ಒರೆಸಿರಬೇಕು. ಕೀಲಿ ನನ್ನ ಹತ್ತಿರ ಇದೆ, ಹೇಗೆ ಒರೆಸುತ್ತಾಳೆ ಅನ್ನುವುದು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಆ ಕಡೆ ಕಿಟಕಿ ಇರಬೇಕು. ಇತ್ತು ಅನಿಸುತ್ತದೆ.

ಜೋಗಮ್ಮ ಕಾರ್ಡು ನೋಡಿ, "ಇಷ್ಟಕ್ಕ ಇಷ್ಟೆಲ್ಲ ಆತೇನು? ಪಾಪಡದಷ್ಟಿಲ್ಲ" ಅಂದಳು.

15-5-98

ಡಾಕ್ಟರಿಗೆ ಕಾಗದ ಬರೆದೆ. ಎರಡು ಪುಟ. ತಾಳೆ ತೆಗೆದವನು ನಾನು, ಹುಸೇನಪ್ಪನ ತಪ್ಪಿಲ್ಲ. ಸಹಿಯನ್ನೂ ಮಾಡಿದೆ. ಡಾಕ್ಟರು ಬಂದಿದ್ದರು, ಚಹಾ ಕುಡಿದು ಹೋದರು. ಕಾಗದ ಅಂಗಿ ಜೇಬಿನಲ್ಲೇ ಇತ್ತು. ಮುಂದಿನ ಸಲ.

18-5-98

ಹುಸೇನಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಡ. ಲಾರಿಗೆ ಚೀಲ ಏರಿಸುತ್ತಿದ್ದ. "ಆರಾಮ ಇದ್ದೀರೇನ್ರಿ ಅಣ್ಣಾರ" ಅಂತ ಅವನೇ ಕೇಳಿದ. ಬೈಗುಳಕ್ಕಿಂತ ಕೆಟ್ಟದ್ದು ಅದು. ನಾಳೆ ಡಾಕ್ಟರು ಮಸ್ಕಿಗೆ ಬರುವ ದಿನ. ನಾಳೆ ಕೊಟ್ಟೇ ಕೊಡುತ್ತೇನೆ.

19-5-98, ಬೆಳಗ್ಗೆ 11.40

ಡಾಕ್ಟರು ಇನ್ನೂ ಬಂದಿಲ್ಲ. ಕಾಲುವೆ ಕಡೆಯಿಂದ ಒಬ್ಬನನ್ನು ಹೊತ್ತು ತಂದಿದ್ದಾರೆ. ಪಾದಕ್ಕೆ ಕಡಿದಿದೆ. ರೆಪ್ಪೆ ಜೋಲುತ್ತಿದೆ. ಮುದುಕಪ್ಪ ಡೀಸೆಲ್ ಹಾಕಿಸಲು ಹೋಗಿದ್ದಾನೆ, ಐದು ನಿಮಿಷ ಅಂದ. ಅಲ್ಲಿಯವರೆಗೆ ಬರೆಯುತ್ತಿದ್ದೇನೆ.

ಗ್ಯಾನಮ್ಮ ಹನ್ನೊಂದಕ್ಕೆ ಕಳಿಸಿದ್ದು: ಸಿಂಧನೂರು 8. ತಾಳೆ ಸರಿ. ಈಗ ಮತ್ತೊಮ್ಮೆ ಕೇಳಿದೆ, ಉತ್ತರ ಇಲ್ಲ. ಕರೆಂಟ್ ಹೋಗಿರಬೇಕು. ಫೋನು ಮೊನ್ನೆಯಿಂದ ಇಲ್ಲ. ಆದರೂ ಗಾಬರಿ ಇಲ್ಲ, ಈಗಿನದು ನಂಬುವಂಥ ಯಂತ್ರ, ಎಂಟು ಅಂದರೆ ಎಂಟು. ಸಿಂಧನೂರು ಅಂತ ಹೇಳಲು ಎದ್ದೆ.

ಆಗ ಬಂತು.

'ಲಿಂಗಸುಗೂರು. ಸಿಂಧನೂರಿಗೆ ಕಳಸಬ್ಯಾಡ ಆದಪ್ಪ. ಅಲ್ಲಿ ಈಗ ಮುಗದಾವ. ಇಲ್ಲಿ 6 ಅದಾವ. ಲಾಲಪ್ಪ.'

ತಾಳೆ ನೋಡಿದೆ. ಸರಿ ಇದೆ. ಕೈಯಿಂದ ಕಾಗದದ ಮೇಲೆ ಕೂಡಿಸಿಯೂ ನೋಡಿದೆ. ಸರಿ ಇದೆ. ಪುಸ್ತಕದಲ್ಲಿ ಇಲ್ಲ. ಎಲ್ಲೂ ಇಲ್ಲ. ಲಿಂಗಸುಗೂರಿನ ಕಾರ್ಡು ಇಲ್ಲೇ ನನ್ನ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿಟ್ಟದ್ದು ಹಾಗೇ ಇದೆ.

ಜೀಪು ಬಂತು. ಅವನನ್ನು ಏರಿಸುತ್ತಿದ್ದಾರೆ. ಜೋಗಮ್ಮ ಬಾಗಿಲಲ್ಲಿ ನಿಂತಿದ್ದಾಳೆ.

"ಯಾ ಕಡಿ ಆದಪ್ಪ? ಲಗೂ ಹೇಳು."

ಇವಳಿಗಾದರೂ ಎಲ್ಲಾ ಹೇಳಿ ಕೇಳಲೇ? ಹೊತ್ತಿಲ್ಲ. ಯಂತ್ರವೇನೋ ಸರಿ ಇದೆ. ಸರಿ ಇರುವ ಯಂತ್ರ ಎರಡನ್ನೂ ಹೇಳುತ್ತಿದೆ. ಅವತ್ತು ಲಾಲಪ್ಪನ ಹೆಸರಿಲ್ಲದ ಹತ್ತನ್ನು ನಂಬಿದೆ. ಇವತ್ತು ಹೆಸರು ಹಾಕಿ

"ಆದಪ್ಪಾ!"

ಹೇಳುತ್ತೇನೆ. ಎದ್ದೆ. ಜೀಪು